ತಾಳಿಕೋಟೆಯಲ್ಲಿ ನಡೆಯದ ತಾಳಿಕೋಟೆ ಯುದ್ಧ

1565ರ ಜನವರಿಯ ಕಥೆ ಕನ್ನಡಿಗರಿಗೆ ಬಾಯಿಪಾಠ. ದಕ್ಷಿಣದ ಐವರು ಸುಲ್ತಾನರು ಒಂದಾದರು, ತಾಳಿಕೋಟೆಯಲ್ಲಿ ಯುದ್ಧವಾಯಿತು, ಅಳಿಯ ರಾಮರಾಯನ ಸೇನೆಯಲ್ಲಿದ್ದ ಇಬ್ಬರು ಸರದಾರರು ದ್ರೋಹ ಬಗೆದರು, ರಾಮರಾಯನ ತಲೆ ಕಡಿದರು, ಆರು ತಿಂಗಳು ಹಂಪಿ ಹೊತ್ತಿ ಉರಿಯಿತು, ಅಲ್ಲಿಗೆ ವಿಜಯನಗರ ಸಾಮ್ರಾಜ್ಯ ಮುಗಿಯಿತು. ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದು ಇದನ್ನೇ, ಹಂಪಿಯ ಗೈಡ್ ಹೇಳುವುದು ಇದನ್ನೇ, ಈಗ ಮೊಬೈಲಿನಲ್ಲಿ ಹಿನ್ನೆಲೆ ಸಂಗೀತದ ಸಮೇತ ಕೇಳಿಬರುವುದೂ ಇದೇ. ಈ ಆರು ಮಾತುಗಳನ್ನು ಇತಿಹಾಸ ಬಲ್ಲವರ ಮುಂದೆ ಒಂದೊಂದಾಗಿ ಇಟ್ಟರೆ ತಕರಾರಿಲ್ಲದೆ ಪಾಸಾಗುವುದು ಒಂದೇ: ರಾಮರಾಯನ ತಲೆ ಹೋಯಿತು ಎಂಬುದು. ಉಳಿದ ಐದಕ್ಕೂ ಅವರು ‘ಸ್ವಲ್ಪ ತಡೀರಿ’ ಎನ್ನುತ್ತಾರೆ.

ಆ ‘ತಡೀರಿ’ ಕೇಳಿಸಿಕೊಳ್ಳುವ ತಾಳ್ಮೆ ನಮಗಿದೆಯೇ ಎಂಬುದು ಬೇರೆ ವಿಚಾರ. ಇತಿಹಾಸದ ಮಾತುಕತೆಗೆ ಈಗ ಸುಗ್ಗಿಯ ಕಾಲ. ಪಾಡ್‌ಕಾಸ್ಟ್, ಯೂಟ್ಯೂಬ್ ಸಂದರ್ಶನ, ಭಾನುವಾರದ ಪಾರಂಪರಿಕ ನಡಿಗೆ, ಎಲ್ಲದಕ್ಕೂ ಜನ ಇದ್ದಾರೆ. ಪ್ರಾಧ್ಯಾಪಕರನ್ನು ಸ್ಟುಡಿಯೊಗೆ ಕರೆಸಿ ಮಾತಾಡಿಸುವ ಪದ್ಧತಿಗೆ ಬಿಬಿಸಿ ರೇಡಿಯೊದಲ್ಲಿ 1998ರಲ್ಲಿ ಶುರುವಾದ ‘ಇನ್ ಅವರ್ ಟೈಮ್’ ಒಂದು ದೊಡ್ಡ ಮಾದರಿ. ಅಲ್ಲಿ ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂವರು ವಿದ್ವಾಂಸರು ಕೂರುತ್ತಾರೆ. ಒಬ್ಬರನ್ನೇ ಕೂರಿಸಿದರೆ ಅವರು ಹೇಳಿದ್ದೇ ವೇದವಾಗುತ್ತದೆ. ಮೂವರಿದ್ದರೆ ಒಬ್ಬರ ಮಾತಿಗೆ ಇನ್ನೊಬ್ಬರು ತಲೆಯಾಡಿಸಬೇಕು, ಇಲ್ಲವೇ ಅಡ್ಡ ಹೇಳಬೇಕು. ನಮ್ಮಲ್ಲಿ ಸಂದರ್ಶಕರು ತಜ್ಞರನ್ನು ‘ಆಮೇಲೆ ಏನಾಯ್ತು ಸರ್?’ ಎಂದು ಕೇಳುವುದೇ ಹೆಚ್ಚು. ಅದು ಹರಿಕಥೆಗೆ ಕೇಳುವ ಪ್ರಶ್ನೆ. ಇತಿಹಾಸಕಾರರನ್ನು ಕೇಳಬೇಕಾದದ್ದು ‘ಇದನ್ನು ಮೊದಲು ಹೇಳಿದವರು ಯಾರು? ಯಾವಾಗ? ಅವರಿಗೆ ಹೇಗೆ ಗೊತ್ತಾಯಿತು?’ ಎಂದು. ತಾಳಿಕೋಟೆಗೆ ಈ ಪ್ರಶ್ನೆ ಹಾಕಿ ನೋಡೋಣ.

ಮೊದಲು ಜಾಗ. ಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆ ಕೃಷ್ಣಾ ನದಿಯಿಂದ ಉತ್ತರಕ್ಕೆ ಸುಮಾರು 40 ಕಿಲೊಮೀಟರ್ ದೂರದಲ್ಲಿದೆ. ಸುಲ್ತಾನರ ಸೇನೆಗಳು ದಕ್ಷಿಣಕ್ಕೆ ಹೊರಡುವ ಮೊದಲು ಬಂದು ಕೂಡಿದ್ದು ಅಲ್ಲಿ. ಕೈಗೆ ಕೈ ಹತ್ತಿದ್ದು ನದಿಯ ಹತ್ತಿರ. ಕೃಷ್ಣೆಯ ದಡದ ರಕ್ಕಸಗಿ, ತಂಗಡಗಿ ಎಂಬ ಎರಡು ಊರುಗಳ ಹೆಸರು ಸೇರಿಸಿ ‘ರಕ್ಕಸ ತಂಗಡಿ’ ಕದನ ಎನ್ನುವವರು ಅದಕ್ಕೇ. ಗಿರೀಶ ಕಾರ್ನಾಡರ ಕೊನೆಯ ನಾಟಕಕ್ಕೂ ಆ ಹೆಸರೇ, ‘ರಾಕ್ಷಸ ತಂಗಡಿ’. ನದಿಯ ಈ ದಡವೋ ಆ ದಡವೋ ಎಂಬಲ್ಲಿ ಪಂಡಿತರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಸುಲ್ತಾನರು ನದಿ ದಾಟಿ ದಕ್ಷಿಣದ ಬಯಲಿನಲ್ಲಿ ಹೋರಾಡಿದರು ಎಂಬುದು ರಾಬರ್ಟ್ ಸೀವೆಲ್‌ನ ಎಣಿಕೆ. ತಾರೀಕಿನಲ್ಲೂ ಜನವರಿ 23 ಎನ್ನುವವರು ಹೆಚ್ಚು, 26 ಎನ್ನುವವರೂ ಇದ್ದಾರೆ. ಇನ್ನು ಐವರು ಸುಲ್ತಾನರ ಮಾತು. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರ್, ಈ ನಾಲ್ಕು ಮಾತ್ರ ಸೇರಿದ್ದು. ಬೇರಾರ್ ಬರಲಿಲ್ಲ.

ಸೀವೆಲ್ ಯಾರು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ನಾವು ವಿಜಯನಗರದ ಬಗ್ಗೆ ಏನೇ ಮಾತಾಡಿದರೂ ಬಹುಪಾಲು ಆತನ ಎರವಲು. ಮದರಾಸು ಪ್ರಾಂತದಲ್ಲಿ ಸಿವಿಲ್ ಅಧಿಕಾರಿಯಾಗಿದ್ದ ಈತ 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಎಂಬ ಪುಸ್ತಕ ತಂದ. ಅದಕ್ಕೆ ಮೂರು ವರ್ಷ ಮೊದಲು ಲಿಸ್ಬನ್ನಿನಲ್ಲಿ ಡೇವಿಡ್ ಲೋಪೆಸ್ ಎಂಬ ವಿದ್ವಾಂಸ ಪೇಸ್ ಮತ್ತು ನ್ಯೂನಿಜ್ ಎಂಬ ಇಬ್ಬರು ಪೋರ್ಚುಗೀಸರ ಬರಹಗಳನ್ನು ಅಚ್ಚು ಹಾಕಿಸಿದ್ದ. ಕೃಷ್ಣದೇವರಾಯನ ಕಾಲದಲ್ಲಿ, ಅದರ ಬೆನ್ನಿಗೆ ಅಚ್ಯುತರಾಯನ ಕಾಲದಲ್ಲಿ ವಿಜಯನಗರವನ್ನು ಕಣ್ಣಾರೆ ಕಂಡವರವರು. ಸೀವೆಲ್ ಅವನ್ನು ಇಂಗ್ಲಿಷಿಗೆ ತಂದು, ಪಾರಸಿ ಬಖೈರುಗಳ ಜತೆ ಸೇರಿಸಿ, ಒಂದು ಕಥೆ ಕಟ್ಟಿದ. ವಿಜಯನಗರವೆಂದರೆ ಉತ್ತರದಿಂದ ಬಂದ ಮುಸ್ಲಿಂ ದಂಡಿಗೆ ಅಡ್ಡ ನಿಂತ ಹಿಂದೂ ಕೋಟೆ ಎಂಬ ಚೌಕಟ್ಟು ಆ ಪುಸ್ತಕದ್ದು. ಅದೇ ಹೊತ್ತಿಗೆ ಧಾರವಾಡದ ಕಡೆ ಏಕೀಕರಣದ ಗಾಳಿ ಬೀಸಲು ಶುರುವಾಗಿತ್ತು. 1905ರಲ್ಲಿ ಹಂಪಿ–ಆನೆಗೊಂದಿ ನೋಡಿಬಂದ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಪ್ರಕಟಿಸಿದರು. 1936ರಲ್ಲಿ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ನೆನಪಿನ ಸಂಪುಟ ಧಾರವಾಡದಿಂದಲೇ ಹೊರಬಂತು. ಹರಿದು ಹಂಚಿಹೋಗಿದ್ದ ನಾಡಿಗೆ ಅಭಿಮಾನ ಬೇಕಿತ್ತು, ಸೀವೆಲ್‌ನ ಪುಸ್ತಕದಲ್ಲಿ ಅದಕ್ಕೆ ಸಾಮಗ್ರಿ ಇತ್ತು. ಬ್ರಿಟಿಷ್ ಅಧಿಕಾರಿಯೊಬ್ಬನ ಚೌಕಟ್ಟು ನಮ್ಮ ಮನೆಮಾತಾದದ್ದು ಹೀಗೆ.

ಹಾಗಾದರೆ ಸೀವೆಲ್‌ಗೆ ಯುದ್ಧದ ವಿವರ ಸಿಕ್ಕಿದ್ದು ಎಲ್ಲಿಂದ? ಪೇಸ್, ನ್ಯೂನಿಜ್ ಇಬ್ಬರೂ 1565ಕ್ಕೆ ಎಷ್ಟೋ ಮೊದಲಿನವರು. ಇಲ್ಲಿ ಪಾರಸಿ ಬಲ್ಲವರ ಹತ್ತಿರ ಹೋಗಬೇಕು. ಅವರು ಕಪಾಟಿನಿಂದ ಮೊದಲು ತೆಗೆಯುವುದು ಫರಿಶ್ತಾನನ್ನು. ಮುಹಮ್ಮದ್ ಕಾಸಿಂ ಫರಿಶ್ತಾ ಮೊದಲು ಅಹಮದನಗರದ ಆಸ್ಥಾನದಲ್ಲಿದ್ದು, 1589ರಲ್ಲಿ ಬಿಜಾಪುರಕ್ಕೆ ಬಂದು, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ತನ್ನ ದೊಡ್ಡ ಇತಿಹಾಸ ಬರೆದ. ಯುದ್ಧ ಮುಗಿದು ಹತ್ತಿರ ಹತ್ತಿರ ನಲವತ್ತು ವರ್ಷವಾಗಿತ್ತು. ರಣರಂಗ ಕಂಡವನಲ್ಲ, ಕೇಳಿದ್ದನ್ನು ಬರೆದವನು. ಒಂದು ಲಕ್ಷ ಜನ ಸತ್ತರು ಎಂಬ ಅಂಕಿ ಅವನದು, ಯಾರೂ ಎಣಿಸಿದ್ದಲ್ಲ. ಅವನಿಗಿಂತ ಕೊಂಚ ಮೊದಲೇ ಅಹಮದನಗರದಲ್ಲಿ ಸಯ್ಯದ್ ಅಲಿ ತಬಾತಬಾ ‘ಬುರ್ಹಾನ್-ಇ-ಮಆಸಿರ್’ ಬರೆದಿದ್ದ. ಅದರಲ್ಲಿ ಯುದ್ಧದ ನಾಯಕ ಅಹಮದನಗರದ ಹುಸೇನ್ ನಿಜಾಂಶಾಹ. ಅದೇ ಹುಸೇನನನ್ನು ಹೊಗಳಿ ಅಫ್ತಾಬಿ ಎಂಬ ಕವಿ ಬರೆದ ಚಿತ್ರಕಾವ್ಯವೊಂದು ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ರಾಮರಾಯನ ಶಿರಚ್ಛೇದದ ಚಿತ್ರ ಅದರಲ್ಲೇ ಇರುವುದು. ಸಂಬಳ ಕೊಡುವ ದೊರೆಯನ್ನು ಗೆದ್ದವನನ್ನಾಗಿ ಮಾಡುವುದು ಆಸ್ಥಾನ ಚರಿತ್ರಕಾರನ ಕೆಲಸ. ನಮ್ಮ ಕಡೆ ‘ರಾಮರಾಜನ ಬಖೈರು’ ಎಂಬ ಕನ್ನಡ ಗದ್ಯವೂ ಇದೆ. ಅದು ಇನ್ನೂ ತಡವಾಗಿ ಹುಟ್ಟಿದ್ದು, ಕಥೆ ಕಟ್ಟುವ ಖುಷಿ ಅದರಲ್ಲಿ ಎದ್ದು ಕಾಣುತ್ತದೆ.

ಸುಲ್ತಾನರ ಕಡೆಯ ಈ ಬರಹಗಳನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. 1565ರ ಹಿಂದಿನ ಇಪ್ಪತ್ತು ವರ್ಷ ಇವರೆಲ್ಲ ಒಬ್ಬರಿಗೊಬ್ಬರು ಬೇಕಾದವರೇ. ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹ ಪಟ್ಟಕ್ಕೆ ಬರುವ ಮೊದಲು ಅಣ್ಣನಿಗೆ ಹೆದರಿ ಓಡಿಬಂದು ಏಳು ವರ್ಷ ತಲೆ ಮರೆಸಿಕೊಂಡಿದ್ದದ್ದು ವಿಜಯನಗರದಲ್ಲಿ, ರಾಮರಾಯನ ನೆರಳಿನಲ್ಲಿ. ಬಿಜಾಪುರದ ಅಲಿ ಆದಿಲ್‌ಶಾಹನ ಕಥೆ ಇನ್ನೂ ವಿಚಿತ್ರ. ರಾಮರಾಯನ ಮಗ ತೀರಿಕೊಂಡಾಗ ಈ ಸುಲ್ತಾನ ಸ್ವತಃ ವಿಜಯನಗರಕ್ಕೆ ಬಂದು ದುಃಖ ಹಂಚಿಕೊಂಡ, ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು ಎಂದು ಬರೆದಿರುವುದು ಫರಿಶ್ತಾನೇ. 1558ರ ಸುಮಾರಿಗೆ ರಾಮರಾಯ ಮತ್ತು ಅಲಿ ಜೋಡಿಯಾಗಿ ಅಹಮದನಗರದ ಮೇಲೆ ದಂಡೆತ್ತಿ ಹೋಗಿದ್ದರು. ಇವತ್ತು ಇವರ ಜತೆ, ನಾಳೆ ಅವರ ಜತೆ. ಯಾರೂ ದೊಡ್ಡವರಾಗದಂತೆ ನೋಡಿಕೊಳ್ಳುತ್ತ ತಾನೊಬ್ಬನೇ ದೊಡ್ಡವನಾಗುವ ಆಟವನ್ನು ರಾಮರಾಯ ಚೆನ್ನಾಗಿಯೇ ಆಡಿದ. ಪಟ್ಟದ ಮೇಲೆ ಸದಾಶಿವರಾಯನನ್ನು ಕೂರಿಸಿ ರಾಜ್ಯವಾಳಿದವನಿಗೆ ಆ ವಿದ್ಯೆ ಹೊಸದೇನಲ್ಲ. ಕೊನೆಗೆ ಸುಲ್ತಾನರಿಗೂ ಆಟ ಅರ್ಥವಾಯಿತು. ಹುಸೇನ್ ತನ್ನ ಮಗಳು ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟ, ಜತೆಗೆ ಸೊಲ್ಲಾಪುರದ ಕೋಟೆ. ಅಲಿಯ ತಂಗಿ ಹುಸೇನನ ಮಗನಿಗೆ ಹೋದಳು. ಸುಲ್ತಾನರ ಮೈತ್ರಿ ಗಟ್ಟಿಯಾದದ್ದು ಈ ಎರಡು ನಿಕಾಹುಗಳಿಂದ.

ಸರಿ, ದ್ರೋಹ? ಯುದ್ಧದ ನಡುವೆ ಇಬ್ಬರು ಮುಸ್ಲಿಂ ಸರದಾರರು ರಾಮರಾಯನ ಪಕ್ಷ ಬಿಟ್ಟು ತಿರುಗಿಬಿದ್ದರು ಎಂಬ ಮಾತಿನ ಬೇರು ಸೆಸಾರೆ ಫೆದೆರಿಚಿ ಎಂಬ ವೆನಿಸ್ ವ್ಯಾಪಾರಿಯ ಬರಹದಲ್ಲಿದೆ. ಅವನು ವಿಜಯನಗರಕ್ಕೆ ಬಂದದ್ದು 1567ರಲ್ಲಿ, ಯುದ್ಧವಾಗಿ ಎರಡು ವರ್ಷಕ್ಕೆ. ಏಳು ತಿಂಗಳು ಅಲ್ಲೇ ಇದ್ದ. ಊರಿನಲ್ಲಿ ಉಳಿದವರ ಬಾಯಲ್ಲಿ ಕೇಳಿದ್ದನ್ನು ಬರೆದ. ಸೋತ ಊರಿನಲ್ಲಿ ಸೋಲಿಗೆ ಕಾರಣ ಕೇಳಿದರೆ ‘ಒಳಗಿನವರೇ ಕೈಕೊಟ್ಟರು’ ಎಂಬ ಉತ್ತರ ಸಿಗುವುದು ಸಹಜ. ಹಾಗೆಂದು ಅದು ಸುಳ್ಳೇ ಎನ್ನಲು ಬರುವುದಿಲ್ಲ. ಎರಡೇ ವರ್ಷದ ಹಿಂದಿನ ಸುದ್ದಿ, ಫರಿಶ್ತಾ, ತಬಾತಬಾ ಇಬ್ಬರಿಗಿಂತ ಇವನೇ ಘಟನೆಗೆ ಹತ್ತಿರ. ಇತಿಹಾಸಕಾರರು ಇಲ್ಲಿ ಎರಡು ಪಾಳಯ. ನನಗೆ ಕಾಣುವ ಮಟ್ಟಿಗೆ ಇದು ಸಂಶಯದ ಲಾಭ ಯಾರಿಗೆ ಕೊಡುತ್ತೀರಿ ಎಂಬ ಪ್ರಶ್ನೆ. ಆದರೆ ಒಂದು ಮಾತು: ಫೆದೆರಿಚಿ ಆ ಇಬ್ಬರ ಹೆಸರು ಹೇಳುವುದಿಲ್ಲ. ಈಗ ವಿಡಿಯೊಗಳಲ್ಲಿ ಹೆಸರು, ಕುಲ, ಮುಖಚಹರೆ ಎಲ್ಲ ಇದೆ.

ರಾಮರಾಯನ ಸೇನೆಯಲ್ಲಿ ಮುಸ್ಲಿಂ ಸರದಾರರೇಕಿದ್ದರು ಎಂಬುದಕ್ಕೆ ಉತ್ತರ ಶಾಸನ ಓದುವವರಲ್ಲಿದೆ. ಐನ್-ಉಲ್-ಮುಲ್ಕ್ ಎಂಬ ಸರದಾರ ಬಿಜಾಪುರ ಬಿಟ್ಟು ರಾಮರಾಯನಲ್ಲಿಗೆ ಬಂದಿದ್ದ. 1551ರ ಬೇವಿನಹಳ್ಳಿ ತಾಮ್ರಶಾಸನದಲ್ಲಿ ಅವನ ಹೆಸರಿದೆ. ಆತ ಕೇಳಿಕೊಂಡ, ರಾಮರಾಯ ಶಿಫಾರಸು ಮಾಡಿದ, ಸದಾಶಿವರಾಯ ದಾನ ಕೊಟ್ಟ. ದಾನ ಪಡೆದವರು ಬ್ರಾಹ್ಮಣರು. ಇಂಥದೊಂದು ತಾಮ್ರಪಟವನ್ನು ಹತ್ತು ನಿಮಿಷದ ವಿಡಿಯೊದಲ್ಲಿ ತೋರಿಸಿದರೆ ಕೇಳುಗ ತಬ್ಬಿಬ್ಬಾಗುತ್ತಾನೆ, ಅದಕ್ಕೇ ಯಾರೂ ತೋರಿಸುವುದಿಲ್ಲ. ವಿಜಯನಗರದ ಅರಸರು ಹದಿನಾಲ್ಕನೆಯ ಶತಮಾನದಿಂದಲೇ ‘ಹಿಂದೂರಾಯ ಸುರತ್ರಾಣ’, ಅಂದರೆ ಹಿಂದೂ ರಾಜರ ನಡುವಿನ ಸುಲ್ತಾನ, ಎಂಬ ಬಿರುದನ್ನು ಶಾಸನಗಳಲ್ಲಿ ಹಾಕಿಸಿಕೊಂಡಿದ್ದರು. ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರ ಪ್ರಬಂಧವೊಂದರಲ್ಲಿ ಈ ಬಿರುದನ್ನೂ ಅರಮನೆಯ ಉಡುಪಾದ ಕುಲ್ಲಾಯಿ (ಟೋಪಿ), ಕಬಾಯಿ (ನಿಲುವಂಗಿ)ಗಳನ್ನೂ ಹಿಡಿದು, ಧರ್ಮ ಬೇರೆಯಾದರೂ ರಾಜಠೀವಿಯ ಭಾಷೆ ದಖ್ಖನಿನ ಎಲ್ಲ ಆಸ್ಥಾನಗಳಿಗೂ ಒಂದೇ ಆಗಿತ್ತು ಎಂದು ವಾದಿಸಿದರು. ಇನ್ನೊಬ್ಬ ಇತಿಹಾಸಕಾರ ರಿಚರ್ಡ್ ಈಟನ್ 2005ರಲ್ಲಿ ಬಂದ ತಮ್ಮ ದಖ್ಖನಿನ ಸಾಮಾಜಿಕ ಇತಿಹಾಸದಲ್ಲಿ ರಾಮರಾಯನಿಗೇ ಒಂದು ಅಧ್ಯಾಯ ಮೀಸಲಿಟ್ಟರು. ಇಬ್ಬರೂ ಸೇರಿ 2014ರಲ್ಲಿ ಬರೆದ ಪುಸ್ತಕದಲ್ಲಿ ಇನ್ನೊಂದು ಎಳೆ ಬಿಚ್ಚಿದರು: ರಾಮರಾಯ ತನ್ನನ್ನು ಕಲ್ಯಾಣದ ಚಾಲುಕ್ಯರ ವಾರಸುದಾರನೆಂದು ಕರೆದುಕೊಳ್ಳುತ್ತಿದ್ದ, ಆ ಹಕ್ಕನ್ನು ಸಾಧಿಸುವ ಹಟವೂ ಯುದ್ಧದ ಹಿಂದಿತ್ತು ಎಂದು. ನನಗೆ ಬಹಳ ಹಿಡಿಸಿದ ವಾದವಿದು. ನಾಲ್ಕು ಶತಮಾನ ಹಿಂದೆ ಅಳಿದ ವಂಶದ ಹೆಸರಿನ ಮೋಹ ಒಬ್ಬ ಎಂಬತ್ತರ ಮುದುಕನನ್ನು ಎಲ್ಲಿಯವರೆಗೆ ಒಯ್ದೀತು ಎಂದು ಯೋಚಿಸಿ.

ಇಷ್ಟು ಕೇಳಿದ ಮೇಲೆ ‘ಧರ್ಮಕ್ಕೂ ಈ ಯುದ್ಧಕ್ಕೂ ಸಂಬಂಧವೇ ಇರಲಿಲ್ಲ’ ಎಂದು ಘೋಷಿಸುವ ಇನ್ನೊಂದು ಗುಂಪಿದೆ. ಅದೂ ಅವಸರದ ಮಾತೇ. ಅಹಮದನಗರದ ದಂಡಯಾತ್ರೆಯಲ್ಲಿ ರಾಮರಾಯನ ಸೈನಿಕರು ಮಸೀದಿಗಳನ್ನು ಕೆಡಿಸಿದರು, ಸುಲ್ತಾನರಿಗೆ ಸಿಟ್ಟು ಬಂದದ್ದು ಅದಕ್ಕೆ ಎಂದು ಫರಿಶ್ತಾ ಕಾರಣ ಕೊಡುತ್ತಾನೆ. ಅವನಿಗೆ ಅದನ್ನು ಬರೆಯಲು ತನ್ನದೇ ಕಾರಣಗಳಿದ್ದಿರಬಹುದು. ಆದರೂ ಸೈನಿಕರನ್ನು ಹುರಿದುಂಬಿಸಲು, ಗೆದ್ದ ಮೇಲೆ ಬೀಗಲು ಆ ಮಾತು ಕೆಲಸಕ್ಕೆ ಬರುತ್ತಿತ್ತು. ಸೀವೆಲ್‌ನ ಕಥೆಯಷ್ಟೇ ಸಲೀಸಾದ ಇನ್ನೊಂದು ಕಥೆಯನ್ನು ಅದರ ಜಾಗದಲ್ಲಿ ತಂದು ಕೂರಿಸಿದರೆ ಕೇಳುಗನಿಗೆ ಸಿಗುವುದು ಬರೀ ಪಕ್ಷಾಂತರ. ತಜ್ಞರ ಮಾತಿನಲ್ಲಿ ‘ಆದರೆ’, ‘ಬಹುಶಃ’ ಹೆಚ್ಚು ಬರುವುದನ್ನು ಕಂಡು ನಿರೂಪಕರು ಚಡಪಡಿಸುತ್ತಾರೆ. ಸಂಕಲನಕಾರರು ಮೊದಲು ಕತ್ತರಿಸುವುದೂ ಅವನ್ನೇ.

ಈಗ ಹಂಪಿಗೆ ಬರೋಣ. ಈ ಪ್ರಶ್ನೆಗೆ ಪುಸ್ತಕದವರಿಗಿಂತ ನೆಲ ಅಗೆದವರು, ಕಟ್ಟಡ ಅಳೆದವರು ಒಳ್ಳೆಯ ಸಾಕ್ಷಿ. 1970ರ ದಶಕದಿಂದ ರಾಜ್ಯ ಪುರಾತತ್ವ ಇಲಾಖೆ ಮತ್ತು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇಲ್ಲಿ ಉತ್ಖನನ ನಡೆಸಿವೆ. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ತಮ್ಮ ತಂಡದೊಂದಿಗೆ ವರ್ಷ ವರ್ಷ ಬಂದು ಒಂದೊಂದು ಕಲ್ಲನ್ನೂ ನಕಾಶೆಗೆ ಇಳಿಸಿದರು. ಅರಮನೆ ಆವರಣದಲ್ಲಿ ಬೆಂಕಿಯ ಗುರುತು ಸ್ಪಷ್ಟವಾಗಿದೆ: ಬೂದಿ, ಇದ್ದಿಲು, ಬಿರುಕು ಬಿಟ್ಟ ಕಲ್ಲು. ಮಹಾನವಮಿ ದಿಬ್ಬದ ಹತ್ತಿರ ನೂರು ಕಂಬದ ಸಭಾಂಗಣ ಎಂದು ತೋರಿಸುವ ಜಗಲಿಯ ಮೇಲೆ ಇವತ್ತು ಕಂಬ ನಿಲ್ಲಿಸಿದ್ದ ಕಲ್ಲುಗಳಷ್ಟೇ ಉಳಿದಿರುವುದು ಮೇಲಿದ್ದದ್ದೆಲ್ಲ ಮರವಾದ್ದರಿಂದ. ವಿಠ್ಠಲ ದೇವಾಲಯಕ್ಕೂ ಬೆಂಕಿ ಬಿದ್ದಿದೆ. 1528ರಲ್ಲಿ ಕೃಷ್ಣದೇವರಾಯ ಕಡೆಸಿದ ಉಗ್ರನರಸಿಂಹನ ತೊಡೆಯ ಮೇಲಿದ್ದ ಲಕ್ಷ್ಮಿ ಮುರಿದು ಹೋದಳು. ಆದರೆ ಊರಿನ ನಡುಮಧ್ಯದ ವಿರೂಪಾಕ್ಷನಿಗೆ ಪೂಜೆ ಇವತ್ತಿಗೂ ನಡೆದಿದೆ, ಕಮಲಮಹಲು ನಿಂತಿದೆ, ಆನೆಲಾಯ ನಿಂತಿದೆ. ಎಲ್ಲವನ್ನೂ ಕಣ್ಣು ಮುಚ್ಚಿ ಒಡೆದಿದ್ದರೆ ಹೀಗಾಗುತ್ತಿರಲಿಲ್ಲ. ಪೆಟ್ಟು ಹೆಚ್ಚು ಬಿದ್ದಿರುವುದು ರಾಜರಿಗೆ ಹತ್ತಿರವಾದ ಗುಡಿಗಳಿಗೆ, ಅರಮನೆಗೆ ಎಂದು ಕಲಾ ಇತಿಹಾಸಕಾರರು ಗಮನಿಸಿದ್ದಾರೆ. ಕೃಷ್ಣದೇವರಾಯನಂಥ ಹಿಂದಿನ ತುಳುವ ವಂಶದ ದೊರೆಗಳ ಹೆಮ್ಮೆಯ ವೈಷ್ಣವ ದೇವಾಲಯಗಳು ಈ ಪಟ್ಟಿಯಲ್ಲಿ ಮೊದಲು ಬರುತ್ತವೆ.

ಆರು ತಿಂಗಳ ಲೂಟಿ ಎಂಬ ಮಾತೂ ಫೆದೆರಿಚಿಯದೇ. ಅದೇ ಬರಹದಲ್ಲಿ, 1567ರಲ್ಲಿ ತಾನು ಕಂಡಾಗ ನಗರ ಪೂರ್ತಿ ನಾಶವಾಗಿರಲಿಲ್ಲ, ಮನೆಗಳು ನಿಂತಿದ್ದವು, ಆದರೆ ಖಾಲಿ ಇದ್ದವು, ಹುಲಿಗಳು ಸೇರಿಕೊಂಡಿವೆ ಎಂದು ಜನ ಹೇಳುತ್ತಿದ್ದರು ಎಂದೂ ಇದೆ. ಒಂದೇ ಪುಟದ ಮೊದಲ ಮಾತನ್ನು ಎಲ್ಲರೂ ಎತ್ತಿಕೊಂಡರು, ಎರಡನೆಯದನ್ನು ಬಿಟ್ಟರು. ರಾಮರಾಯನ ತಮ್ಮ ತಿರುಮಲ ಹಿಂದಿರುಗಿ ಬಂದು ಊರನ್ನು ಮತ್ತೆ ತುಂಬಿಸಲು ನೋಡಿದ, ವ್ಯಾಪಾರಿಗಳನ್ನು ಕರೆದ, ಆಗಲಿಲ್ಲ. ಜನ ನಂಬಿಕೆ ಕಳೆದುಕೊಂಡ ರಾಜಧಾನಿಗೆ ಮರಳುವುದಿಲ್ಲ. ತಿರುಮಲ ಪೆನುಕೊಂಡಕ್ಕೆ ಹೋದ. ಇವತ್ತು ನಾವು ನೋಡುವ ಹಾಳು ಹಂಪಿ ಆರು ತಿಂಗಳಿನದಲ್ಲ. ಆಮೇಲಿನ ಶತಮಾನಗಳ ಮಳೆ, ಮುಳ್ಳು, ನಿಧಿ ಹುಡುಕುವವರ ಹಾರೆ, ಎಲ್ಲ ಸೇರಿ ಆದದ್ದು. ನಿಧಿಗಳ್ಳರು ಗುಂಡಿ ತೋಡುವುದಂತೂ ಈಚಿನವರೆಗೂ ನಿಂತಿರಲಿಲ್ಲ.

ಸಾಮ್ರಾಜ್ಯ ಮುಗಿಯಿತು ಎಂಬ ಕೊನೆಯ ಸಾಲು ಎಲ್ಲಕ್ಕಿಂತ ದುರ್ಬಲ. ಪೆನುಕೊಂಡದಲ್ಲಿ ತಿರುಮಲ ತಮ್ಮ ಅರವೀಡು ವಂಶದ ಆಳ್ವಿಕೆ ಸ್ಥಾಪಿಸಿದ. ಅವನ ಮಗ ವೆಂಕಟಪತಿರಾಯ 1586ರಿಂದ 1614ರವರೆಗೆ ಗಟ್ಟಿಯಾಗಿಯೇ ಆಳಿದ. ರಾಜಧಾನಿ ಚಂದ್ರಗಿರಿಗೆ, ವೇಲೂರಿಗೆ ಸಾಗಿತು. 1639ರಲ್ಲಿ ಇಂಗ್ಲಿಷ್ ಕಂಪನಿಗೆ ಮದರಾಸಿನ ತುಂಡು ನೆಲ ಸಿಕ್ಕಿದ್ದು ವಿಜಯನಗರದ ಅಧೀನದಲ್ಲಿದ್ದ ನಾಯಕನೊಬ್ಬನಿಂದ. 1645ರಲ್ಲಿ ಅದನ್ನು ಖಾಯಂ ಮಾಡಿದವನು ಅರವೀಡು ವಂಶದ ಶ್ರೀರಂಗರಾಯ. ಅಂದರೆ ತಾಳಿಕೋಟೆಯಾಗಿ ಎಂಬತ್ತು ವರ್ಷದ ಮೇಲೂ ವಿಜಯನಗರದ ರುಜುವಿಗೆ ಬೆಲೆ ಇತ್ತು. ಈ ಭಾಗ ಕನ್ನಡದ ಜನಪ್ರಿಯ ಇತಿಹಾಸದಲ್ಲಿ ಬರುವುದೇ ಇಲ್ಲ. ರಾಜಧಾನಿ ತೆಲುಗು–ತಮಿಳು ಸೀಮೆಗೆ ಹೋದ ಮೇಲೆ ಅದು ನಮ್ಮದಲ್ಲ ಎನಿಸಿತೋ, ದುರಂತಕ್ಕೆ ಒಂದು ಪೂರ್ಣವಿರಾಮ ಬೇಕಿತ್ತೋ? ಎರಡನೆಯದೇ ಇರಬೇಕು. ನಾಟಕಕ್ಕೆ 1565ರಂಥ ಅಂತ್ಯ ಬೇರೆ ಸಿಗದು.

ಇಷ್ಟಕ್ಕೂ ಜನಪ್ರಿಯ ಇತಿಹಾಸವನ್ನು ಹಳಿಯಬೇಕಾಗಿಲ್ಲ. ಶಾಲೆಯ ಆ ಆರು ಸಾಲು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟು ಜನ ಹಂಪಿಯ ಬಸ್ಸು ಹತ್ತುತ್ತಿದ್ದರು? ಕುತೂಹಲ ಹುಟ್ಟಿಸುವುದು ಕಥೆ, ಅದು ಅದರ ಕೆಲಸ. ಆದರೆ ಪ್ರಾಧ್ಯಾಪಕರನ್ನು ಕ್ಯಾಮೆರಾ ಮುಂದೆ ಕೂರಿಸಿ ಅದೇ ಆರು ಸಾಲನ್ನು ಅವರ ಬಾಯಿಂದ ಹೇಳಿಸುವುದು ಅವರಿಗೂ ಕೇಳುಗರಿಗೂ ಮಾಡುವ ಅನ್ಯಾಯ. ಶಾಸನ ಓದುವವರು, ಪಾರಸಿ ಓದುವವರು, ಉತ್ಖನನ ಮಾಡಿದವರು, ಮೂವರನ್ನೂ ನಿರೂಪಕರು ಒಂದೇ ಮೇಜಿಗೆ ಕರೆಸಿ ‘ಆನೆಲಾಯ ಉಳಿಯಿತು, ಅರಮನೆ ಯಾಕೆ ಉಳಿಯಲಿಲ್ಲ?’ ಎಂದು ಕೇಳಿ ಸುಮ್ಮನಿದ್ದುಬಿಡಲಿ, ಅವರೇ ಜಗಳವಾಡುತ್ತಾರೆ. ಕಾರ್ಯಕ್ರಮ ಗೆಲ್ಲುವುದೂ ಅಲ್ಲೇ.

ಕನ್ನಡದಲ್ಲಿ ಇದಕ್ಕೆ ಸಾಮಗ್ರಿ ಇಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲಶಾಹಿ ಕಾಲದ ಪಾರಸಿ ಗ್ರಂಥಗಳನ್ನು ಕನ್ನಡಕ್ಕೆ ತರುವ ದೊಡ್ಡ ಯೋಜನೆ ಕೈಗೊಂಡಿತು, ಎಂ.ಎಂ. ಕಲಬುರ್ಗಿಯವರು ಅದರ ಬೆನ್ನಿಗಿದ್ದವರು. ಶಾಸನ ಸಂಪುಟಗಳು ಗ್ರಂಥಾಲಯಗಳಲ್ಲಿವೆ. ತಾಲ್ಲೂಕು ಗ್ರಂಥಾಲಯದವರು ಈ ಅನುವಾದಗಳನ್ನು ತರಿಸಿಡಲಿ, ಚಾನೆಲ್ಲಿನವರು ಅನುವಾದಕರನ್ನೊಮ್ಮೆ ಕರೆದು ಮಾತಾಡಿಸಲಿ. ಮುಂದಿನ ಸಲ ಹಂಪಿಗೆ ಹೋದಾಗ ಗೈಡ್ ‘ಆರು ತಿಂಗಳು ಸುಟ್ಟರು’ ಎಂದರೆ ನೀವೂ ಜಗಳಕ್ಕೆ ನಿಲ್ಲಬೇಡಿ. ‘ಇದನ್ನು ಬರೆದಿಟ್ಟವರು ಯಾರಪ್ಪ?’ ಎಂದು ಕೇಳಿ ನೋಡಿ.